ಒಂದು ಬೀಗರೂಟಕ್ಕೆ ಒಂದೂವರೆ ಕೆಜಿ ಏರುತ್ತಾ?

ಮದ್ದೂರು ಹುಡುಗ:
ನಮಸ್ಕಾರ. ಹೋದ ವಾರ ಅನ್ನ, ಮುದ್ದೆ, ಸಕ್ಕರೆ ಮೂರೂ ಬಿಟ್ಟಿದ್ದೆ. ಬೆಳಿಗ್ಗೆ ಮೊಟ್ಟೆ, ಮಧ್ಯಾಹ್ನ ಸೊಪ್ಪಿನ ಪಲ್ಯ, ರಾತ್ರಿ ಕೋಳಿ. ಐದೇ ದಿನಕ್ಕೆ 82 ಕೆಜಿಯಿಂದ 80ಕ್ಕೆ ಬಂದೆ. ಆಫೀಸಲ್ಲಿ ಎಲ್ಲರಿಗೂ ಹೇಳಿಕೊಂಡು ಓಡಾಡಿದ್ದೂ ಆಯ್ತು. ಭಾನುವಾರ ಊರಲ್ಲಿ ಅಕ್ಕನ ಮೈದುನನ ಬೀಗರೂಟ. ಎರಡು ಮುದ್ದೆ, ಬೋಟಿ ಗೊಜ್ಜು, ಮೇಲೆ ಅನ್ನ. ಸೋಮವಾರವೂ ಅಮ್ಮ ಬಿಡಲಿಲ್ಲ. ಮಂಗಳವಾರ ಬೆಳಿಗ್ಗೆ ನೋಡಿದರೆ 81.6! ತಕ್ಕಡಿ ಕೆಟ್ಟಿದೆಯಾ? ಹೆಂಡತಿ ಬೇರೆ ನಗ್ತಾ ಇದ್ದಾಳೆ.

ನಿವೃತ್ತ ಮೇಷ್ಟ್ರು:
ತಕ್ಕಡಿ ಸರಿಯಾಗೇ ಇದೆಯಪ್ಪ. ಹೋಗಿದ್ದೂ ನೀರು, ಬಂದಿದ್ದೂ ನೀರು, ಹೆಚ್ಚುಕಮ್ಮಿ.

ಮುದ್ದೆ, ಅನ್ನ ಹೊಟ್ಟೆಯಲ್ಲಿ ಗ್ಲೂಕೋಸ್ ಆಗುತ್ತದೆ. ಆಗಿನ ಖರ್ಚಿಗೆ ಬೇಡವಾದದ್ದನ್ನು ಮೈ ಗ್ಲೈಕೋಜೆನ್ ಮಾಡಿ ಎತ್ತಿಡುತ್ತದೆ. ಈಲಿಯಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ 300-400 ಗ್ರಾಂ. ಇದು ಒಣ ಹಿಟ್ಟಿನ ಹಾಗೆ ಇರಲ್ಲ, ಕಲಸಿದ ಹಿಟ್ಟಿನ ಹಾಗೆ. ಒಂದು ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಹಿಡಿದಿರುತ್ತದೆ. ಅನ್ನ ಬಿಟ್ಟ ಕೂಡಲೇ ಮೈ ಮೊದಲು ಈ ಕಣಜಕ್ಕೆ ಕೈ ಹಾಕುತ್ತದೆ. ಗ್ಲೈಕೋಜೆನ್ ಕರಗಿತು, ನೀರು ಉಚ್ಚೆಯಲ್ಲಿ ಹೋಯಿತು. 400 ಗ್ರಾಂ ಖಾಲಿಯಾದರೆ ನೀರೂ ಸೇರಿ 1.6 ಕೆಜಿ. ಮೊದಲೆರಡು ದಿನ ರಾತ್ರಿ ಜಾಸ್ತಿ ಎದ್ದಿರಬೇಕು, ಅಲ್ವಾ?

ಬೀಗರೂಟದಲ್ಲಿ ಕಣಜ ಮತ್ತೆ ತುಂಬಿತು. ಗೊಜ್ಜಿನ ಉಪ್ಪೂ ಒಂದಿಷ್ಟು ನೀರು ಹಿಡಿದಿಟ್ಟಿತು.

ಕೊಬ್ಬಿನ ಲೆಕ್ಕವೇ ಬೇರೆ. ಮೈಯ ಒಂದು ಕೆಜಿ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. 1.6 ಕೆಜಿಗೆ 12,000 ದಾಟುತ್ತದೆ. ಒಂದು ಮುದ್ದೆಗೆ 100 ಗ್ರಾಂ ರಾಗಿಹಿಟ್ಟು ಅಂದುಕೊಂಡರೆ 320 ಕ್ಯಾಲೊರಿ. ದಿನದ ಊಟದ ಮೇಲೆ ಇನ್ನೂ 38 ಮುದ್ದೆ ಇಳಿಸಬೇಕಿತ್ತು ನೀನು!

ಕೆಆರ್ ಪೇಟೆ ಅಕ್ಕ:
ನಾನೂ ಹೋದ ವರ್ಷ ಹೀಗೇ ಮಾಡಿದ್ದೆ. ನಾಲ್ಕನೇ ದಿನ ಮೇಲುಕೋಟೆ ಬೆಟ್ಟ ಹತ್ತೋಕೆ ಹೋಗಿ ಅರ್ಧದಲ್ಲೇ ಕೂತುಬಿಟ್ಟೆ. ಕಾಲಲ್ಲಿ ಕಸುವೇ ಇಲ್ಲ. ಈಗ ಗೊತ್ತಾಯ್ತು ಕಣಜ ಖಾಲಿ ಅಂತ. ಒಂದು ಮಾತು: ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತಗೊಳ್ಳೋರು ಸುಮ್ನೆ ಹೀಗೆ ಅನ್ನ ಬಿಡಬೇಡಿ. ಸಕ್ಕರೆ ತೀರಾ ಇಳಿದುಬಿಡಬಹುದು. ಡಾಕ್ಟರನ್ನ ಕೇಳಿ.

ಮದ್ದೂರು ಹುಡುಗ:
ರಾತ್ರಿ ಎದ್ದಿದ್ದು ನಿಜ ಮೇಷ್ಟ್ರೇ, ಮೂರು ಮೂರು ಸಲ! ಹಾಗಾದ್ರೆ ನಿಜವಾಗಿ ಎಷ್ಟು ಇಳಿದಿದೀನಿ?

ನಿವೃತ್ತ ಮೇಷ್ಟ್ರು:
ಐದು ದಿನಕ್ಕೆ ಹೆಚ್ಚೆಂದರೆ ಅರ್ಧ ಕೆಜಿ ಕೊಬ್ಬು ಕರಗಿರಬಹುದು. ಅದೇನು ಕಮ್ಮಿಯಲ್ಲ. ಇನ್ನು ಮೇಲೆ ಬೆಳಿಗ್ಗೆ ಎದ್ದು, ಶೌಚ ಮುಗಿಸಿ, ಕಾಫಿಗೆ ಮುಂಚೆ ತೂಗು. ವಾರದ ಸರಾಸರಿ ಬರೆದಿಡು. ದಿನದಿನದ ಏರಿಳಿತಕ್ಕೆ ತಲೆ ಕೆಡಿಸಿಕೊಳ್ಳಬೇಡ.

ಮದ್ದೂರು ಹುಡುಗ:
ಸರಿ ಮೇಷ್ಟ್ರೇ. ರಾತ್ರಿಗೆ ಒಂದೇ ಮುದ್ದೆ, ಬಸ್ಸಾರು.