ಪಿನಿಯನ್ ಹಲ್ಲು ಮುರಿದಿಲ್ಲ, ಮೈಮೇಲೆ ಗುಂಡಿ ಬಿದ್ದಿದೆ: ಮಾಡ್ಯೂಲ್ ಹೆಚ್ಚಿಸಬೇಕೇ?

ಪೀಣ್ಯ_ಎರಡನೇ_ಹಂತ:
ಕನ್ವೇಯರ್ ಡ್ರೈವ್, 3.7 ಕಿಲೋವ್ಯಾಟ್, 1440 ಆರ್‌ಪಿಎಂ. ಸ್ಪರ್ (ನೇರ ಹಲ್ಲಿನ) ಪಿನಿಯನ್, ಅಂದರೆ ಚಿಕ್ಕ ಗೇರ್, 18 ಹಲ್ಲು, ದೊಡ್ಡ ಗೇರ್ 72, ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತೆ) 3, ಒತ್ತಡ ಕೋನ 20 ಡಿಗ್ರಿ, ಅಗಲ 30 ಮಿಮೀ. ಎರಡೂ ಇಎನ್8 ಸ್ಟೀಲ್, ಗಡಸುತನ ಸುಮಾರು 200 ಬಿಎಚ್‌ಎನ್, ಹಾಬಿಂಗ್ (ಕಟರ್‌ನಿಂದ ಹಲ್ಲು ಕೊರೆಯುವುದು) ಮಾಡಿದ್ದು. ಆರೇ ತಿಂಗಳಲ್ಲಿ ಪಿನಿಯನ್‌ನ ಪಿಚ್ ಗೆರೆ (ಹಲ್ಲಿನ ನಡುಮಟ್ಟ) ಹತ್ತಿರ ಗುಂಡಿಗಳು. ಮಾಡ್ಯೂಲ್ 4 ಹಾಕಿದರೆ ಸರಿಹೋಗುತ್ತಾ? ಗೇರ್‌ಬಾಕ್ಸ್ ಬದಲಿಸುವಂತಿಲ್ಲ, ಶಾಫ್ಟ್‌ಗಳ ಸೆಂಟರ್ ಅಂತರ 135 ಮಿಮೀ.

ಹಲ್ಲುಲೆಕ್ಕ:
ಮಾಡ್ಯೂಲ್ ಮುಟ್ಟಬೇಡಿ ಸರ್. ಲೆಕ್ಕ ನೋಡಿ. ಟಾರ್ಕ್ 24.5 ನ್ಯೂಟನ್ ಮೀಟರ್, ಪಿನಿಯನ್ ವ್ಯಾಸ 54, ಹಾಗಾಗಿ ಹಲ್ಲಿನ ಮೇಲೆ ಸುಮಾರು 909 ನ್ಯೂಟನ್. ಪಿಚ್ ಗೆರೆಯ ವೇಗ ಸೆಕೆಂಡಿಗೆ 4.07 ಮೀಟರ್, ವೇಗದ ಗುಣಕ 0.596, ಸರ್ವಿಸ್ ಫ್ಯಾಕ್ಟರ್ 1.25 ಸೇರಿದರೆ ನಿಜವಾದ ಹೊರೆ 1900 ನ್ಯೂಟನ್ ಆಸುಪಾಸು.

ಲೂಯಿಸ್ ಸೂತ್ರದಲ್ಲಿ (ಹಲ್ಲಿನ ಆಕಾರದ ಗುಣಕ ವೈ 0.308, ಅನುಮತಿಸಿದ ಒತ್ತಡ 200 ಎಂಪಿಎ) ಬಾಗುವಿಕೆಗೆ 5540 ನ್ಯೂಟನ್ ತಡೆಯುತ್ತದೆ. ಅದಕ್ಕೇ ಹಲ್ಲು ಮುರಿದಿಲ್ಲ. ಬಕಿಂಗ್‌ಹ್ಯಾಮ್ ಸವೆತದ ಲೆಕ್ಕದಲ್ಲಿ ಮಾತ್ರ ಬರೀ 1660, ಹೊರೆಗಿಂತ ಕಡಿಮೆ. ಸವೆತದ ಬಲಕ್ಕೆ ಬೇಕಾದದ್ದು ವ್ಯಾಸ, ಅಗಲ, ಗಡಸುತನ. ಮಾಡ್ಯೂಲ್ ಆ ಸೂತ್ರದಲ್ಲೇ ಇಲ್ಲ. ಮೇಲಾಗಿ 135ಕ್ಕೆ ಮಾಡ್ಯೂಲ್ 4 ಹಾಕಿದರೆ ಒಟ್ಟು ಹಲ್ಲು 67.5 ಆಗುತ್ತದೆ.

ಗಡಸುತನ ಈ ಸೂತ್ರದಲ್ಲಿ ವರ್ಗವಾಗಿ ಕೂರುತ್ತದೆ. ಎರಡನ್ನೂ 280 ಬಿಎಚ್‌ಎನ್‌ಗೆ ಏರಿಸಿದರೆ 3250 ನ್ಯೂಟನ್, ಸುರಕ್ಷತಾ ಅಂಶ 1.7.

ಕುಲುಮೆ_ಕೆಲಸ:
280ಕ್ಕೆ ಇಎನ್24 ಸ್ಟೀಲಿನ, ಹಾರ್ಡನ್ ಅಂಡ್ ಟೆಂಪರ್ (ಕಾಯಿಸಿ ತಣಿಸಿ ಹದ) ಮಾಡಿದ ಬಾರ್ ತಗೊಳ್ಳಿ, ಆಮೇಲೆ ಹಾಬಿಂಗ್. ಡಿಸ್ಟಾರ್ಷನ್ (ಸೊಟ್ಟಾಗುವ) ತಲೆನೋವು ಇರಲ್ಲ. ಪಿನಿಯನ್ ನಾಲ್ಕು ಪಟ್ಟು ಹೆಚ್ಚು ಸುತ್ತುವುದರಿಂದ ಅದನ್ನು ಗೇರ್‌ಗಿಂತ 30–40 ಬಿಎಚ್‌ಎನ್ ಹೆಚ್ಚು ಇಡಿ.

ಇಎನ್8ನ್ನೇ ಇಂಡಕ್ಷನ್ (ವಿದ್ಯುತ್ ಸುರುಳಿಯಿಂದ ಮೇಲ್ಮೈ ಕಾಯಿಸಿ ಗಡಸು) ಮಾಡಿಸೋಣ ಅಂದರೆ ಎಚ್ಚರ: ಗಡಸು ಪದರ ಹಲ್ಲಿನ ಬುಡದ ತಿರುವಿನಲ್ಲಿ ನಿಂತುಹೋದರೆ ಅಲ್ಲೇ ಎಳೆತದ ಒತ್ತಡ ಉಳಿದು, ಈಗ ಗಟ್ಟಿಯಾಗಿರುವ ಹಲ್ಲೂ ಮುರಿಯುತ್ತದೆ. ಪದರ ಬುಡವನ್ನೂ ಸುತ್ತಿ ಬರಬೇಕು ಅಂತ ಡ್ರಾಯಿಂಗ್‌ನಲ್ಲೇ ಬರೆಯಿರಿ. 20ಎಂಎನ್‌ಸಿಆರ್5 ಸ್ಟೀಲಿಗೆ ಕೇಸ್ ಹಾರ್ಡನಿಂಗ್ (ಮೇಲ್ಪದರ ಮಾತ್ರ ಗಡಸು ಮಾಡುವುದು) ಇನ್ನೂ ಒಳ್ಳೆಯದು, ಆದರೆ ನಂತರ ಗ್ರೈಂಡಿಂಗ್ ಬೇಕು. ಈ ಹೊರೆಗೆ ಆ ಖರ್ಚು ದಂಡ.

ನೀಲಿ_ಗುರುತು:
ಸ್ಟೀಲ್ ಆರ್ಡರ್ ಮಾಡುವ ಮುಂಚೆ ಹಲ್ಲಿಗೆ ನೀಲಿ ಬಣ್ಣ ಹಚ್ಚಿ ತಿರುಗಿಸಿ, ಎಲ್ಲಿ ತಾಗುತ್ತದೆ ನೋಡಿ. ಗುಂಡಿಗಳು ಹಲ್ಲಿನ ಒಂದೇ ತುದಿಯಲ್ಲಿದ್ದರೆ ಶಾಫ್ಟ್‌ಗಳು ಸಮಾನಾಂತರವಾಗಿಲ್ಲ. 30 ಮಿಮೀ ಅಗಲದಲ್ಲಿ 10 ಮಿಮೀ ಮಾತ್ರ ಹೊರೆ ಹೊರುತ್ತಿದ್ದರೆ ಯಾವ ಸ್ಟೀಲೂ ಬಾಳಿಕೆ ಬರಲ್ಲ.

ಹೊಸದಾಗಿ ಮಾಡಿಸುವಾಗ 19/71 ಮಾಡಿಸಿ. ಒಟ್ಟು 90 ಹಲ್ಲೇ, ಸೆಂಟರ್ ಅದೇ 135. 18/72ರಲ್ಲಿ ಪಿನಿಯನ್‌ನ ಒಂದು ಹಲ್ಲಿಗೆ ಗೇರ್‌ನ ಅವೇ ನಾಲ್ಕು ಹಲ್ಲು ಮತ್ತೆ ಮತ್ತೆ ಸಿಗುತ್ತವೆ. 19/71ರಲ್ಲಿ ಎಲ್ಲ ಹಲ್ಲೂ ಸರದಿಯಲ್ಲಿ ಬರುತ್ತವೆ. ಔಟ್‌ಪುಟ್ 360ರಿಂದ 385 ಆರ್‌ಪಿಎಂಗೆ ಏರುತ್ತದೆ, ಕನ್ವೇಯರ್‌ಗೆ ಅದು ನಡೆಯುತ್ತಾ ನೋಡಿಕೊಳ್ಳಿ. ಬಾಕ್ಸ್‌ನಲ್ಲಿ ಈಗ ಯಾವ ಎಣ್ಣೆ ಹಾಕಿದ್ದೀರಿ?