ಸಹಾಯ ಬೇಕು: ಬನಾನಾಮ್ಯಾನ್ ಹುಡುಗನ ಪೂರ್ತಿ ಹೆಸರು ಯಾವುದು?

ನಮಸ್ಕಾರ. ನಾವಿರುವುದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಗುರುವಾರ ಮಗನ ಶಾಲೆಯಲ್ಲಿ ಪುಸ್ತಕ ದಿನ; ಮಕ್ಕಳು ಕಥೆಯ ಪಾತ್ರಗಳ ವೇಷ ಹಾಕಿ ಹೋಗಬೇಕು. ಅವನು ಬನಾನಾಮ್ಯಾನ್ ಆಗಲೇಬೇಕಂತೆ. ಬಾಳೆಹಣ್ಣು ತಿಂದೊಡನೆ ಇಪ್ಪತ್ತು ಆಳಿನ ಬಲ ಬಂದು ಹಾರುವ, ಬುದ್ಧಿ ಮಾತ್ರ ಬೆಳೆಯದ, ಕಾಮಿಕ್ಸ್‌ನ ಆ ಶಾಲಾ ಹುಡುಗ. ನೀಲಿ ಅಂಗಿ, ಹಳದಿ ಕೈಗವಸು ಸಿದ್ಧ. ಬಾಳೆಸಿಪ್ಪೆಯಂತೆ ಎರಡಾಗಿ ಸೀಳಿ ಬೆನ್ನಿಗೆ ಕಟ್ಟಲು ನನ್ನ ಹಳದಿ ದುಪಟ್ಟಾ ಬಲಿಯಾಯಿತು, ಇರಲಿ.

ತೊಡಕು ಹೆಸರಿನದು. ಪಾತ್ರದ ನಿಜವಾದ ಹೆಸರಿನ ಚೀಟಿ ಎದೆಯ ಮೇಲೆ ಇರಬೇಕು ಎಂದು ಟೀಚರ್ ಹೇಳಿದ್ದಾರೆ. ನಮ್ಮವರು 1983ರ ಬಿಬಿಸಿ ಕಾರ್ಟೂನ್ ಹಾಕಿ ನೋಡಿ ‘ಎರಿಕ್ ಟ್ವಿಂಜ್’ ಎಂದರು. ಪಕ್ಕದ ಮನೆಯ ತಾತ, 1980ರಲ್ಲಿ ಶುರುವಾದ ‘ನಟ್ಟಿ’ ಕಾಮಿಕ್ಸ್ ವಾರಪತ್ರಿಕೆಯ ಹಳೆಯ ಸಂಚಿಕೆಯನ್ನೇ ತಂದು ತೋರಿಸಿದರು. ಅದರಲ್ಲಿ ‘ಎರಿಕ್ ವಿಂಪ್’. ಬರೆದು ಅಳಿಸಿ ಚೀಟಿ ತೂತಾಗಿದೆ. ವಿಂಪ್ ಎಂದರೆ ಪುಕ್ಕಲ. ಅದನ್ನು ಮಗನ ಎದೆಗೆ ಅಂಟಿಸಲು ಮನಸ್ಸು ಒಪ್ಪುತ್ತಿಲ್ಲ. ಆದರೆ ಪುಸ್ತಕ ದಿನಕ್ಕೆ ಟಿವಿಯ ಹೆಸರು ಬರೆಯುವುದೂ ಸರಿಯಲ್ಲ.

ಹಳೆಯ ಕಾಮಿಕ್ಸ್ ಇಟ್ಟುಕೊಂಡಿರುವವರು ದಯವಿಟ್ಟು ತಿಳಿಸಿ: 1985ರಲ್ಲಿ ಅವನು ‘ಡ್ಯಾಂಡಿ’ ಕಾಮಿಕ್ಸ್ ಪತ್ರಿಕೆಗೆ ಹೋದ ಮೇಲೆ ಅಚ್ಚಿನಲ್ಲೂ ಎಲ್ಲಾದರೂ ಟ್ವಿಂಜ್ ಎಂದು ಬಂದಿದೆಯೇ, ಇಲ್ಲ ವಿಂಪ್ ಎಂದೇ ಉಳಿಯಿತೇ? ಬುಧವಾರ ರಾತ್ರಿಯೊಳಗೆ ಗೊತ್ತಾದರೆ ಸಾಕು.