ಕೊರಿಯನ್ ಅತ್ತೆಯವರ ಎದೆಯುರಿಗೆ ಎಲ್ಲಿ ನೆರವು ಸಿಗುತ್ತದೆ? ಅನುಭವವಿದ್ದವರು ತಿಳಿಸಿ

ನನ್ನ ಪತಿ ಕೊರಿಯನ್ ಮೂಲದವರು. ಲಾಸ್ ಏಂಜಲಿಸ್‌ನ ಕೊರಿಯಾಟೌನ್ ಪಕ್ಕದಲ್ಲಿದ್ದೇವೆ. 71 ವರ್ಷದ ಅತ್ತೆಯವರು ಎದೆಯಲ್ಲಿ ಬೆಂಕಿಯ ಗಂಟು ಕೂತಿದೆ ಎನ್ನುತ್ತಾರೆ. ಹೃದಯ ಪರೀಕ್ಷೆಯಲ್ಲಿ ದೋಷ ಕಾಣಲಿಲ್ಲ. ಮನೋವೈದ್ಯರ ಹೆಸರೆತ್ತಿದರೆ ಊಟ ಬಿಡುತ್ತಾರೆ. ಈ ಹಾದಿ ಸವೆಸಿದವರು ಏನು ಮಾಡಿದಿರಿ?

ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಿಂದ:
ನಮ್ಮ ಮಾವನವರದೂ ಹ್ವಾಬ್ಯೊಂಗ್ ಆಗಿತ್ತು; ವರ್ಷಗಟ್ಟಲೆ ನುಂಗಿಕೊಂಡ ಕೋಪ, ನೋವು ಎದೆಯುರಿಯಾಗಿ ಕಾಡುವುದಕ್ಕೆ ಕೊರಿಯನ್ನರು ಹೇಳುವ ಹೆಸರದು. 1992ರ ಏಪ್ರಿಲ್ 29ರಂದು, ಕೊರಿಯನ್ನರು ಇಂದಿಗೂ ಸಾ-ಇ-ಗು (ನಾಲ್ಕು-ಎರಡು-ಒಂಬತ್ತು) ಎಂದು ಕರೆಯುವ ಆ ದಿನ, ಲಾಸ್ ಏಂಜಲಿಸ್ ಗಲಭೆ ಹೊತ್ತಿಕೊಂಡಿತು. ಮರುದಿನ ಅವರ ಅಂಗಡಿ ಸುಟ್ಟುಹೋಯಿತು. ಇಪ್ಪತ್ತೇಳು ವರ್ಷ ಆ ಕುರಿತು ಒಂದು ಮಾತೂ ಆಡದವರು 2019ರಲ್ಲಿ ನಿದ್ರೆ ಕಳೆದುಕೊಂಡರು. ಮೊದಲು ಹೋದ ಆಸ್ಪತ್ರೆಯಲ್ಲಿ ಫೋನಿನ ದುಭಾಷಿ ಹ್ವಾಬ್ಯೊಂಗ್ ಎಂಬುದನ್ನು ಬರೀ ‘ಕೋಪ’ ಎಂದು ಹೇಳಿದ್ದರಿಂದ ಕಡತದಲ್ಲಿ ‘ಸಿಟ್ಟಿನ ಸ್ವಭಾವ’ ಎಂದು ದಾಖಲಾಯಿತು; ಅದನ್ನು ತಿದ್ದಿಸಲು ನಾಲ್ಕು ಪತ್ರ ಬರೆದೆ. ಕೊರಿಯನ್ ಬಲ್ಲ ಆಪ್ತಸಮಾಲೋಚಕಿಗಾಗಿ ಹನ್ನೊಂದು ವಾರ ಕಾದೆವು. ಒಂದು ಭೇಟಿಗೆ 190 ಡಾಲರ್‌ನಂತೆ ಹದಿನಾಲ್ಕು ಭೇಟಿ, ಒಟ್ಟು 2,660 ಡಾಲರ್. ವಿಮೆಯಿಂದ ಮರಳಿದ್ದು 640. ಮೊದಲ ಐದು ಭೇಟಿಗಳಲ್ಲಿ ಮಾವ ಬಾಯಿ ಬಿಡಲಿಲ್ಲ. ಆರನೆಯದರಲ್ಲಿ, ಸುಟ್ಟ ಅಂಗಡಿಯ ಬೀಗದ ಕೈ ಇನ್ನೂ ತಮ್ಮ ಬಳಿ ಇದೆ ಎಂದು ಹೇಳಿ ಅತ್ತರು. ಆ ಹಣದ ಬಗ್ಗೆ ನನಗೆ ವ್ಯಥೆಯಿಲ್ಲ.

ಜಾರ್ಜಿಯಾದ ಡುಲುತ್‌ನಿಂದ:
ಅಷ್ಟು ಹಣ ಎಲ್ಲರ ಕೈಯಲ್ಲಿ ಇರುವುದಿಲ್ಲ. ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ದುಡಿಯುತ್ತಿದ್ದ ನನ್ನ ಹೆಂಡತಿಯ ತಾಯಿಗೆ ವಿಮೆಯೇ ಇರಲಿಲ್ಲ. ಅವರನ್ನು ಉಳಿಸಿದ್ದು ಚರ್ಚಿನಲ್ಲಿ ಹಿರಿಯರು ಕಿಮ್ಚಿ ಹಾಕಲು ಸೇರುತ್ತಿದ್ದ ಬುಧವಾರದ ಕೂಟ. ಅಲ್ಲಿಗೆ ಬರುತ್ತಿದ್ದ ನಿವೃತ್ತ ನರ್ಸ್ ಒಬ್ಬರು ‘ಮಾನಸಿಕ’ ಎಂಬ ಪದವನ್ನೇ ಬಳಸದೆ, ನಿದ್ರೆ ಹೇಗಿದೆ, ಊಟ ಸೇರುತ್ತದೆಯೇ ಎಂದು ಕೇಳುತ್ತಲೇ, ಎಂಟು ತಿಂಗಳ ಮೇಲೆ ಅವರನ್ನು ವೈದ್ಯರ ಬಳಿಗೆ ಕರೆದೊಯ್ದರು. ಚರ್ಚನ್ನು ಬಿಟ್ಟು ಕೊರಿಯನ್ ಹಿರಿಯರನ್ನು ತಲುಪುತ್ತೇವೆ ಎನ್ನುವವರಿಗೆ ಆ ಸಮಾಜ ತಿಳಿದಿಲ್ಲ.

ನ್ಯೂಜೆರ್ಸಿಯ ಪ್ಯಾಲಿಸೇಡ್ಸ್ ಪಾರ್ಕ್‌ನಿಂದ:
ಚರ್ಚನ್ನು ನಂಬಬೇಡಿ ಎಂದು ಆ ಸಮಾಜವನ್ನು ತಿಳಿದೇ ಹೇಳುತ್ತಿದ್ದೇನೆ, ಸ್ವಾಮಿ. ನನ್ನ ಓರಗಿತ್ತಿ ಭಾನುವಾರದ ಪ್ರಾರ್ಥನೆಯಲ್ಲಿ ಹೇಳಿಕೊಂಡ ಸಂಕಟ ಮಂಗಳವಾರದೊಳಗೆ ಊರೆಲ್ಲ ಹಬ್ಬಿತು. ಕೊರಿಯನ್ನರು ಚೆಮ್ಯೊನ್ ಎನ್ನುವ ಮಾನ ಹೋಯಿತೆಂದು ಅವಳು ಮಾತ್ರೆ ನಿಲ್ಲಿಸಿದಳು. ಒಂಬತ್ತು ದಿನ ಆಸ್ಪತ್ರೆಯಲ್ಲಿರಬೇಕಾಯಿತು. ಅಲ್ಲಿ ದುಭಾಷಿ ಇಲ್ಲವೆಂದು, ತಾನಿನ್ನು ಬದುಕಿರಲಾರೆ ಎಂಬ ತಾಯಿಯ ಮಾತನ್ನು ಹದಿಮೂರು ವರ್ಷದ ಮಗನಿಂದಲೇ ಇಂಗ್ಲಿಷಿಗೆ ಹೇಳಿಸಿದರು. ತುರ್ತಿನ ಹೊರತು ಅಪ್ರಾಪ್ತ ಮಕ್ಕಳನ್ನು ದುಭಾಷಿಯಾಗಿಸಬಾರದೆಂಬ ಅಮೆರಿಕ ಸರ್ಕಾರದ ನಿಯಮ 2016ರಲ್ಲೇ ಬಂದಿದೆ; ದಾಖಲಾದ ಮೂರನೆಯ ದಿನವೂ ತುರ್ತು ಎಂದರೆ ನಾನು ಒಪ್ಪಲಾರೆ. ಆ ಹುಡುಗ ಈಗಲೂ ತಾಯಿಯ ಮುಖ ನೋಡಿ ಮಾತನಾಡುವುದಿಲ್ಲ.

ಡುಲುತ್‌ನಿಂದ ಮತ್ತೆ:
ನಿಮ್ಮ ಚರ್ಚಿನವರ ತಪ್ಪನ್ನು ನಮ್ಮ ನರ್ಸಿನ ತಲೆಗೆ ಕಟ್ಟಬೇಡಿ. ಫುಲ್ಲರ್ಟನ್‌ನವರಾದರೂ ಹ್ವಾಬ್ಯೊಂಗ್ ಎಂಬ ಹೆಸರಿಗೆ ಅಷ್ಟೇಕೆ ಅಂಟಿಕೊಂಡಿದ್ದಾರೆ? ಅಮೆರಿಕದ ಮನೋವೈದ್ಯರ ಕೈಪಿಡಿಯ 1994ರ ಆವೃತ್ತಿಯಲ್ಲಿ ಪಟ್ಟಿಯಾಗಿದ್ದ ಆ ಹೆಸರು 2013ರ ಪಟ್ಟಿಯಲ್ಲಿ ಉಳಿದಿಲ್ಲ.

ಫುಲ್ಲರ್ಟನ್‌ನಿಂದ ಮತ್ತೆ:
ಪಟ್ಟಿಯಿಂದ ತೆಗೆದರೆ ಎದೆಯಿಂದ ಹೋಗುತ್ತದೆಯೇ? ಖಿನ್ನತೆ ಎಂದಾಗ ಎದ್ದು ಹೊರಟ ಮಾವ, ಹ್ವಾಬ್ಯೊಂಗ್ ಎಂದಾಗ ಮರಳಿ ಕುಳಿತರು. ಪ್ರಶ್ನೆ ಕೇಳಿದ ತಂಗಿ ಆ ಪದದಿಂದಲೇ ಮಾತು ತೆಗೆದು ನೋಡಲಿ.

ಪ್ಯಾಲಿಸೇಡ್ಸ್ ಪಾರ್ಕ್‌ನಿಂದ ಮತ್ತೆ:
ಹೆಸರಿನ ಜಗಳ ನೀವಿಬ್ಬರೂ ಆಡಿಕೊಳ್ಳಿ. ರಾತ್ರಿ ಕೈಮೀರಿದರೆ ಮೊಮ್ಮಕ್ಕಳನ್ನು ಎಬ್ಬಿಸದೆ, ಅಮೆರಿಕದ ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಕರೆ ಮಾಡಿ ‘ಕೊರಿಯನ್’ ಎಂದು ಹೇಳಿ, ದುಭಾಷಿಯನ್ನು ಸೇರಿಸಿಕೊಡುತ್ತಾರೆ. ನಾವು ಮಾಡಿದ ದಿನ ಹನ್ನೆರಡು ನಿಮಿಷ ಹಿಡಿಯಿತು, ಅಷ್ಟು ಹೊತ್ತೂ ನಾನು ಅವಳ ಕೈ ಹಿಡಿದುಕೊಂಡಿದ್ದೆ.